ವಾಸನೆಯಿಲ್ಲದ ಔಷಧಿ

ನಮ್ಮತ್ತೆಯ ಮೂಗು ಕೆಟ್ಟದ್ದು ನನ್ನಿಂದ. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಹೇಳಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ನಾನು ಮದುವೆಯಾಗಿ ಬಂದದ್ದು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಪಕ್ಕದ ಹಳ್ಳಿಗೆ, ರೇಷ್ಮೆ ಹುಳ ಸಾಕುವ ಮನೆಗೆ. ಮನೆಗೊಂದೇ ಮೊಬೈಲ್ ಇದ್ದ ಕಾಲ. ಅಲ್ಲಿ ನಾನು ಮೊದಲು ಕಲಿತದ್ದು ವಾಸನೆಯ ಮಡಿ. ಹುಳಕ್ಕೆ ಘಾಟು ಆಗಿಬರುವುದಿಲ್ಲ. ಹಾಗಾಗಿ ಪೌಡರ್ ಇಲ್ಲ, ಊದುಬತ್ತಿ ಇಲ್ಲ, ಹುಳ ಇರುವಷ್ಟು ದಿನ ಮೆಣಸಿನಕಾಯಿ ಹುರಿಯುವುದೂ ದೂರದ ಹಿತ್ತಲಲ್ಲಿ. ತಲೆನೋವೆಂದು ಮುಲಾಮು ಹಚ್ಚಿಕೊಂಡು ಬಂದ ನೆಂಟರೊಬ್ಬರನ್ನು ಮಾವ ಜಗುಲಿಯಲ್ಲೇ ಕೂರಿಸಿ, ಕಾಫಿ ಕೊಟ್ಟು ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ಹುಳದ ಮನೆಯ ಯಜಮಾನಿಕೆ ಅತ್ತೆಯದು. ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದರೆ ಸಾಕು, ಹುಳ ಮೇಯುವ ಯಾವ ತಟ್ಟೆಯಲ್ಲಿ ಹಿಪ್ಪುನೇರಳೆ ಸೊಪ್ಪು ಬೆವೆತು ಕೆಡುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಅಂಥ ಮೂಗು ಒಂದು ಚಳಿಗಾಲ ಕಟ್ಟಿಕೊಂಡಿತು. ಹುಳದ ಕಸ ತೆಗೆಯುವಾಗ ಏಳುವ ಧೂಳಿಗೆ ಸಾಲುಸಾಲು ಸೀನು, ಕಣ್ಣಲ್ಲಿ ನೀರು.

ನಾನು ಚಿಂತಾಮಣಿಯ ಶಾಲೆಯೊಂದರಲ್ಲಿ ಗುಮಾಸ್ತೆ. ಬಸ್ ಸ್ಟ್ಯಾಂಡಿನ ಮೆಡಿಕಲ್ ಸ್ಟೋರನ್ನು ದಿನಾ ದಾಟುವವಳು ನಾನೇ ಆದ್ದರಿಂದ ಔಷಧಿ ತರುವ ಕೆಲಸ ನನಗೆ ಬಿತ್ತು. ಮೊದಲು ತಂದ ಅಲರ್ಜಿ ಮಾತ್ರೆಗೆ ಸೀನು ನಿಂತಿತು, ಆದರೆ ಅತ್ತೆ ಸೊಪ್ಪು ಹಾಕುತ್ತಲೇ ತೂಕಡಿಸಿದರು. ಮಾವ ಮುಖ ಗಂಟಿಕ್ಕಿದರು. ಮಾರನೇ ದಿನ ಅಂಗಡಿಯವನಿಗೆ ನಾನು ಹೇಳಿದ್ದು ಇಷ್ಟೇ: "ನಿದ್ದೆ ಬರಬಾರ್ದು. ವಾಸನೇನೂ ಇರಬಾರ್ದು."

"ಔಷಧಿ ಮನುಷ್ಯರಿಗೇ ತಾನೇನಮ್ಮಾ?" ಎಂದು ಆತ ನಕ್ಕ. ಮೂಗಿಗೆ ಬಿಡುವ ಹನಿಯ ಪುಟ್ಟ ಸೀಸೆ ಕೊಟ್ಟ. "ನಾಲ್ಕೈದು ದಿನ ಅಷ್ಟೇ, ಆಮೇಲೆ ನಿಲ್ಲಿಸ್ಬೇಕು."

ಮನೆಗೆ ಬಂದು ಮುಚ್ಚಳ ತೆಗೆದು ಮೂಸಿದೆ. ವಾಸನೆಯಿರಲಿಲ್ಲ. ಪ್ರಪಂಚ ಗೆದ್ದ ಹಾಗಾಯಿತು. ಅವನ ಕೊನೆಯ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಹನಿ ಬಿಟ್ಟ ಗಳಿಗೆಯಲ್ಲೇ ಮೂಗು ಬಿಟ್ಟುಕೊಂಡಿತು. ಅತ್ತೆ ಬೀದಿಗೆಲ್ಲ ನನ್ನನ್ನು ಹೊಗಳಿದರು, ನಾನೂ ಉಬ್ಬಿದೆ. ಸೀಸೆ ಮುಗಿಯುವ ಮೊದಲೇ ಇನ್ನೊಂದು ತಂದಿಡುತ್ತಿದ್ದೆ. ಬರಬರುತ್ತಾ ಮೂಗು ಬೇಗಬೇಗ ಕಟ್ಟತೊಡಗಿತು. ಕಟ್ಟಿತೆಂದು ಮತ್ತೆ ಹನಿ. ಸೀಸೆ ಅವರ ಸೊಂಟದ ಸೆರಗಿನಲ್ಲೇ ಇರುವಂತಾಯಿತು.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಅತ್ತೆ ಉಣ್ಣುತ್ತಿದ್ದರು. ಪಕ್ಕದಲ್ಲಿ ಕೂತ ನನಗೆ ಹಳಸಿದ ಸಾರಿನ ವಾಸನೆ ಮೂಗಿಗೆ ಹೊಡೆಯಿತು. ಅವರು ಮುದ್ದೆ ಮುರಿದು ಅದರಲ್ಲೇ ಅದ್ದಿ ನುಂಗುತ್ತಿದ್ದರು. "ಹುಣಸೆಹಣ್ಣು ಮುಂದಾಗಿದೆ" ಎಂದರು, ಅಷ್ಟೇ. ಅವರ ಮೂಗಿಗೆ ವಾಸನೆಯೇ ಹತ್ತುತ್ತಿಲ್ಲವೆಂದು ತಿಳಿದದ್ದೇ, ಮಾರನೇ ದಿನ ಅವರನ್ನು ಡಾಕ್ಟರ ಹತ್ತಿರ ಹೊರಡಿಸಿದೆ.

ಚಿಕ್ಕಬಳ್ಳಾಪುರದ ಡಾಕ್ಟರು ಸೀಸೆ ತಿರುಗಿಸಿ ನೋಡಿ, "ಇಷ್ಟು ತಿಂಗಳು ಹಾಕ್ಕೊಳ್ಳಿ ಅಂತ ಯಾರು ಹೇಳಿದ್ದು?" ಎಂದು ಕೇಳಿದರು.

"ನಮ್ಮ ಸೊಸೆ ತಂದ್ಕೊಟ್ಟಿದ್ದು ಸಾರ್. ಓದಿದೋಳು, ನೋಡೇ ತಂದಿರ್ತಾಳೆ."

ಅವರ ದನಿಯಲ್ಲಿ ದೂರಿರಲಿಲ್ಲ, ಹೆಮ್ಮೆಯಿತ್ತು. ನೋಡೇ ತಂದಿದ್ದೆ, ನಿಜ. ಹುಳದ ಕಡೆಯಿಂದ ನೋಡಿದ್ದೆ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಈಗ ಮೂಗು ಕಟ್ಟುತ್ತಿರುವುದೇ ಆ ಹನಿಯಿಂದ ಎಂದು ಡಾಕ್ಟರು ಬಿಡಿಸಿ ಹೇಳಿದರು. ಇವತ್ತಿನಿಂದ ನಿಲ್ಲಿಸಬೇಕು, ಬೇರೆ ಸ್ಪ್ರೇ ಕೊಡುತ್ತೇನೆ, ಧೂಳಿನ ಹತ್ತಿರ ಹೋಗಬಾರದು, ಮೊದಲ ದಿನಗಳು ಕಷ್ಟ ಎಂದರು. ವಾಸನೆ ತಿರುಗಿ ಬರುತ್ತದೆಯೇ ಎಂದು ಕೇಳಿದೆ. "ನೋಡೋಣ" ಎಂದರು.

ಹುಳ ಆಗ ಕೊನೆಯ ಹಂತದಲ್ಲಿತ್ತು, ಹೊತ್ತುಹೊತ್ತಿಗೂ ಸೊಪ್ಪು ಕೇಳುವ ಕಾಲ. ಶಾಲೆಗೆ ರಜೆ ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾನೇ ಒಳಗಿಳಿದೆ. ಅತ್ತೆ ನಡುಮನೆಯ ಗೋಡೆಗೆ ಒರಗಿ, ಕೂತೇ ನಿದ್ದೆ ಮಾಡಲು ನೋಡುತ್ತಿದ್ದರು. ಬಾಯಲ್ಲಿ ಎಳೆಯುವ ಅವರ ಉಸಿರು ಇತ್ತ ನನಗೆ ಕೇಳಿಸುತ್ತಿತ್ತು. ಹುಳ ಸೊಪ್ಪು ತಿನ್ನುವ ಸದ್ದು ನನಗೆ ಇಷ್ಟವಾಗಿತ್ತು. ಆ ದಿನಗಳಲ್ಲಿ ಅದನ್ನು ಕೇಳಿದರೆ ಮೈಯುರಿಯುತ್ತಿತ್ತು.

ಮೊದಲ ಹುಳಗಳು ಹಣ್ಣಾಗಿ ಗೂಡು ಕಟ್ಟಲು ತಯಾರಾದ ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ಬಂದು ನಿಂತರು. ಉಸಿರೆಳೆದರು. "ಆ ಕೆಳಗಿನ ತಟ್ಟೇಲಿ ಸೊಪ್ಪು ಬೆವೆತಿದೆ ನೋಡೇ" ಎಂದರು.

ಬಗ್ಗಿ ನೋಡಿದೆ, ಬೆವೆತಿತ್ತು. ಅಳು ಬಂತು. ಅಳುವಿನ ಜೊತೆಗೇ ಸೀನು, ಒಂದರ ಹಿಂದೊಂದು. ಅಷ್ಟು ದಿನದ ಧೂಳಿಗೆ ನನ್ನ ಮೂಗೂ ಕಟ್ಟಿತ್ತು.

ಅತ್ತೆ ನನ್ನ ಕೈಯಿಂದ ಸೊಪ್ಪಿನ ಮಂಕರಿ ಕಿತ್ತು ಕೆಳಗಿಟ್ಟರು. "ಹುಳ ಏನಾದ್ರೂ ಆಗ್ಲಿ ಬಾಮ್ಮ. ಮುಲಾಮು ಹಚ್ಕೊಂಡು ಮಲಿಕ್ಕೋ ಹೋಗು."

ಅಷ್ಟು ತಿಂಗಳಲ್ಲಿ ಆ ಮಾತನ್ನು ಅವರಿಗೆ ನಾನು ಒಂದು ಸಲವೂ ಹೇಳಿರಲಿಲ್ಲ.