ನಡುಮಧ್ಯಾಹ್ನದ ಧಗೆಗೆ ಸಡ್ಡು ಹೊಡೆದ ಫ್ಯಾನಕ್ಕ

ಬೆಳಗಿನ ಐದೂಮುಕ್ಕಾಲು. ಹೆರಿಗೆ ಆಸ್ಪತ್ರೆಯ ತಾರಸಿಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಸ್ಕ್ರೂಡ್ರೈವರನ್ನು ಬಾಯಲ್ಲಿ ಕಚ್ಚಿಕೊಂಡು, ಪುಟ್ಟ ಫ್ಯಾನೊಂದನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡುತ್ತಿದ್ದಾರೆ. ಸೋಲಾರ್ ಕರೆಂಟನ್ನು ದೀಪಕ್ಕೂ ಯಂತ್ರಕ್ಕೂ ಒಗ್ಗಿಸಿಕೊಡುವ ಆರು ಇನ್ವರ್ಟರ್‌ಗಳು, ಅವುಗಳೊಳಗೆ ಇಪ್ಪತ್ನಾಲ್ಕು ಫ್ಯಾನುಗಳು; ಎಲ್ಲದರ ಧೂಳೂ ಇವರ ಬ್ರಷ್ಷಿಗೇ. "ಸ್ವಿಚ್ ಆರಿಸಿದೀನಿ, ಈಗ ನಿದ್ದೇಲಿವೆ. ಬಿಸಿಲೇರಿದ್ಮೇಲೆ ಹತ್ರಾನೇ ಸೇರಿಸಲ್ಲ ಮಹಾರಾಯ್ತಿಯರು!" ಆಸ್ಪತ್ರೆಗೆಲ್ಲ ಇವರು ಫ್ಯಾನಕ್ಕ.

ಹತ್ತೊಂಬತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಮೋಟಾರಿನಿಂದ ನೂಲಿನ ಜುಂಗು ಕಿತ್ತವರು. ಕಾರ್ಖಾನೆ ಮುಚ್ಚಿದಾಗ ಇಲ್ಲಿ ಸೋಲಾರ್ ಹಲಗೆ ಒರೆಸಲು ಸೇರಿದರು. ಹೋದ ಬೇಸಿಗೆಯ ಒಂದು ಮಧ್ಯಾಹ್ನ ಊರಿನ ಕರೆಂಟು ಕೈಕೊಟ್ಟಿತು. ಬಿಸಿಲೇನೋ ಧಗಧಗ, ಇನ್ವರ್ಟರ್‌ಗಳು ಮಾತ್ರ ಅರ್ಧಕ್ಕರ್ಧ ಕರೆಂಟು ಇಳಿಸಿಬಿಟ್ಟವು. ಮೈ ಅತಿಯಾಗಿ ಕಾದರೆ, ಸುಟ್ಟುಹೋಗದಿರಲೆಂದು ಅವು ತಾವಾಗಿಯೇ ಕೆಲಸ ತಗ್ಗಿಸುತ್ತವೆ. ಕರೆಂಟು ಸಾಲದೆ ಕೆಳಗೆ ಎಳೆಗೂಸುಗಳ ಉಸಿರಾಟದ ಯಂತ್ರಗಳು ನಿಂತವು. ಜನರೇಟರ್ ಕೆಮ್ಮಿ ಕೆಮ್ಮಿ ಎದ್ದುಕೊಳ್ಳುವವರೆಗೆ ಹನ್ನೊಂದು ನಿಮಿಷ ದಾದಿಯರು ಉಸಿರು ತುಂಬುವ ರಬ್ಬರ್ ಚೀಲ ಹಿಚುಕಿ ಮೂರು ಜೀವ ಉಳಿಸಿಕೊಂಡರು.

ಮರುದಿನದಿಂದಲೇ ಫ್ಯಾನಕ್ಕ ಥರ್ಮಾಮೀಟರ್ ಹಿಡಿದರು. ದಿನಕ್ಕೆ ನಾಲ್ಕು ಸಲ ತಾರಸಿ ಹತ್ತಿ ಬಂದು, ಮಗಳ ಹಳೆಯ ನೋಟುಬುಕ್ಕಿನಲ್ಲಿ ಆರರ ಬಿಸಿಯನ್ನೂ ಬರೆದರು. ಒಂದರ ಮೇಲೊಂದು ಕೂರಿಸಿದ ಇನ್ವರ್ಟರ್ ಪೆಟ್ಟಿಗೆಗಳು. ಕೆಳಗಿನದರ ಬಿಸಿಗಾಳಿ ನೇರ ಮೇಲಿನದರ ಹೊಟ್ಟೆಗೆ! ಸಾಲದ್ದಕ್ಕೆ ಪಡುವಣ ಬಿಸಿಲು. ನೋಟುಬುಕ್ಕು ತೋರಿಸಿದಾಗ ಆಸ್ಪತ್ರೆಯ ಎಂಜಿನಿಯರ್ ನಕ್ಕರಂತೆ: "ಅಮ್ಮಾ, ನೀವು ಒರೆಸೋದು ನೋಡ್ಕೊಳ್ಳಿ." "ಸಾರ್, ಒಂದ್ಸಲ ಅಂಗೈ ಇಟ್ಟು ನೋಡಿ," ಎಂದರು ಇವರು. ಇಟ್ಟ ಕೈಯನ್ನು ಎಂಜಿನಿಯರ್ ತಟ್ಟನೆ ಕಿತ್ತುಕೊಂಡರು. ಅದೇ ವಾರ ಆರೂ ಪೆಟ್ಟಿಗೆಗಳು ನೆರಳಿನ ಗೋಡೆಗೆ ಬಂದವು: ಅಕ್ಕಪಕ್ಕ, ನಡುವೆ ಮೊಳದಷ್ಟು ಜಾಗ, ಮೇಲೊಂದು ತಗಡಿನ ಮಾಡು.

ನಾನು ಇವರನ್ನು ಕಾಣಲು ಹೋದ ದಿನವೇ ಪರೀಕ್ಷೆ! ನಲವತ್ತೈದು ಡಿಗ್ರಿ, ಒಂದೂವರೆಗೆ ಊರಿನ ಕರೆಂಟು ಢಮಾರ್. ಇಬ್ಬರೂ ಇನ್ವರ್ಟರ್ ಪರದೆಯ ಮೇಲೆ ಕರೆಂಟಿನ ಅಂಕಿ ನೋಡುತ್ತೇವೆ. ಫ್ಯಾನುಗಳು ಒಮ್ಮೆಗೇ ಭೋರ್ಗರೆಯುತ್ತವೆ. ಎರಡು ಗಂಟೆ: ಇಳಿದಿಲ್ಲ. ಎರಡೂವರೆ: ಇಳಿದಿಲ್ಲ! ಫ್ಯಾನಕ್ಕ ನನ್ನ ತೋಳನ್ನು ಕೆಂಪಾಗುವಂತೆ ಹಿಡಿದಿದ್ದಾರೆ. ಮೂರೂ ಹತ್ತಕ್ಕೆ ಊರಿನ ಕರೆಂಟು ಬರುತ್ತದೆ.

ಮೆಟ್ಟಿಲನ್ನು ಎರಡೆರಡಾಗಿ ಇಳಿದು ವಾರ್ಡಿನ ದಾದಿಯನ್ನು ಕೇಳುತ್ತಾರೆ: "ಕರೆಂಟ್ ಹೋದಾಗ ತೊಂದ್ರೆ ಆಯ್ತಾ?"

ಮಗುವಿನ ಹೊದಿಕೆ ಸರಿಪಡಿಸುತ್ತಿದ್ದ ದಾದಿ ತಲೆಯೆತ್ತುತ್ತಾರೆ. "ಯಾವಾಗ ಹೋಗಿತ್ತು?"

ಫ್ಯಾನಕ್ಕ ನನ್ನತ್ತ ತಿರುಗುತ್ತಾರೆ, ಮುಖವೆಲ್ಲ ಬೆಳಕು. "ಗೊತ್ತೇ ಆಗಿಲ್ವಂತೆ ಕಣ್ರೀ!"