ಮಾಲೀಕರ ಗೋಡೆ ತಿಂದ ಕೋಳಿಗಳು

ಚಾಮರಾಜಪುರಂನಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು, ಶುದ್ಧ ಸಸ್ಯಾಹಾರಿಗಳು. ಪಕ್ಕದ ಭಾಗದಲ್ಲೇ ಅವರ ವಾಸ, ಇಬ್ಬರಿಗೂ ಒಂದೇ ಹಿತ್ತಲು. ಅಲ್ಲಿ ಚೇಳಿನ ಕಾಟವಿತ್ತು, ಕೋಳಿ ಚೇಳನ್ನು ಹೆಕ್ಕಿ ತಿನ್ನುತ್ತದೆ, ಹಾಗಾಗಿ ನಮ್ಮ ಐದು ಕೋಳಿಗಳಿಗೆ ಒಪ್ಪಿಗೆ ಸಿಕ್ಕಿತ್ತು. ಷರತ್ತು ಒಂದೇ.

"ಕೋಳಿ ಇಟ್ಕೊಳ್ಳಿ, ಅದೂ ದೇವರು ಮಾಡಿದ ಜೀವ. ಆದ್ರೆ ಮೊಟ್ಟೆ ಚಿಪ್ಪು ನಮ್ಮ ಕಣ್ಣಿಗೆ ಬೀಳಕೂಡದು. ಬಿದ್ದ ದಿನ ಮನೆ ಖಾಲಿ ಮಾಡಬೇಕು."

ಕೋಳಿ ಮೊಟ್ಟೆ ಇಡುತ್ತದೆ, ಅದನ್ನು ನಾವು ತಿನ್ನುತ್ತೇವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದಕ್ಕೆ ಅವರ ಅಭ್ಯಂತರವಿರಲಿಲ್ಲ, ಕಾಣುವುದಕ್ಕೆ ಇತ್ತು.

ಅವ್ವನಿಗೆ ಆ ಮನೆ ಬೇಕಿತ್ತು. ಊರು ಬಿಟ್ಟು ಮೈಸೂರಿಗೆ ಬಂದ ಮೇಲೆ ಅದು ನಮ್ಮ ಐದನೆಯ ಬಾಡಿಗೆ ಮನೆ. ಪ್ರತಿ ಮನೆಯಲ್ಲೂ ಅವಳು ಕರಿಬೇವಿನ ಸಸಿ ನೆಡುತ್ತಿದ್ದಳು. ಅದು ಒಗ್ಗರಣೆಗೆ ಒಂದು ಎಸಳು ಕೊಡುವ ಮೊದಲೇ ನಾವು ಗಾಡಿಗೆ ಸಾಮಾನು ಹೇರುತ್ತಿದ್ದೆವು. "ಇನ್ನೊಂದ್ಸಲ ಮನೆ ಬದ್ಲಾಯ್ಸಾದು ಅಂದ್ರೆ ನಾನು ಗಾಡಿ ಅತ್ತಾಕಿಲ್ಲ ಕಣ್ರೀ" ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದಳು.

ಅಪ್ಪ ಸರ್ಕಾರಿ ಗುಮಾಸ್ತ. ಅಂದಿನಿಂದ ಕಚೇರಿಗೆ ಹೊರಟಾಗ ಅವನ ಕೋಟಿನ ಒಳಜೇಬಿನಲ್ಲಿ ಒಂದು ಲಕೋಟೆ ಇರುತ್ತಿತ್ತು, ಲಕೋಟೆಯಲ್ಲಿ ಚಿಪ್ಪು. ಸೈಕಲ್ ತುಳಿದುಕೊಂಡು ಕುಕ್ಕರಹಳ್ಳಿ ಕೆರೆಯತನಕ ಸುತ್ತು ಹಾಕಿ, ಹಿಂದೆ ಮುಂದೆ ನೋಡಿ, ಪೊದೆಗೆ ಸುರಿದು ಆಮೇಲೆ ಕಚೇರಿಗೆ ಹೋಗುತ್ತಿದ್ದ. ಯಾವ ಗುಟ್ಟಿನ ಕಡತವನ್ನೂ ಅವನು ಅಷ್ಟು ಜೋಪಾನವಾಗಿ ಸಾಗಿಸಿರಲಿಕ್ಕಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಕೋಳಿಗಳು ಚಿಪ್ಪಿಲ್ಲದ ಮೊಟ್ಟೆ ಇಡತೊಡಗಿದವು. ಬರೀ ತೊಗಲು. ಅಜ್ಜಿ ಒಂದನ್ನು ಎತ್ತಿಕೊಂಡರೆ ಅದು ಬೆರಳ ಸಂದಿಯಲ್ಲಿ ಜಾರಿ ಸೀರೆಗೆ ಸುರಿಯಿತು.

"ಸುಣ್ಣ ಸಾಲ್ದು ಕಣೋ ಇವಕ್ಕೆ" ಎಂದಳು ಮಗನಿಗೆ. "ಊರಲ್ಲಿ ಚಿಪ್ಪನ್ನ ಅಲ್ಲೇ ಎಸೀತಿದ್ವಿ, ಅವೇ ತಿನ್ಕತಿದ್ವು. ನೀನು ದಿನಾ ತಕ್ಕೊಂಡೋಗಿ ಕೆರೆ ಪಾಲು ಮಾಡ್ಬುಟ್ಟೆ."

ಅಪ್ಪನಿಗೆ ಷರತ್ತು ಮುರಿಯುವ ಧೈರ್ಯವಿರಲಿಲ್ಲ. ಅಜ್ಜಿ ತನ್ನ ಎಲೆಅಡಿಕೆ ಚೀಲದ ಸುಣ್ಣವನ್ನೇ ವೀಳ್ಯದೆಲೆಗೆ ಸವರಿ ಮುಂದಿಟ್ಟಳು. ಕೋಳಿಗಳು ಎಲೆ ತಿಂದವು, ಸುಣ್ಣವನ್ನು ಅವಳ ಸೆರಗಿಗೆ ಒರೆಸಿದವು.

ಆಮೇಲೆ ದಾರಿಯನ್ನು ಅವೇ ಹುಡುಕಿಕೊಂಡವು. ದಸರಾ ಹತ್ತಿರ ಬಂದಿತ್ತು. ಮಾಲೀಕರು ಹಿತ್ತಲ ಗೋಡೆಗೆ ಎರಡು ಕೈ ಸುಣ್ಣ ಬಳಿಸಿದ್ದರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುವ ಗಾದೆಯನ್ನು ನಮ್ಮ ಕೋಳಿಗಳು ಕೇಳಿದ್ದರೆ ಸುಣ್ಣದ ಪಾಲನ್ನೇ ಬೇಡುತ್ತಿದ್ದವು. ನೆಲದಿಂದ ಹಿಡಿದು, ಕೋಳಿ ಕತ್ತು ನಿಗುರಿಸಿದರೆ ಎಟುಕುವಷ್ಟು ಎತ್ತರದವರೆಗೆ, ಗೋಡೆಯುದ್ದಕ್ಕೂ ಇಟ್ಟಿಗೆ ಕಾಣತೊಡಗಿತು.

ಆಯುಧಪೂಜೆಯ ಬೆಳಗ್ಗೆ ಬಾವಿಯ ರಾಟೆಗೆ ಕುಂಕುಮ ಇಡಲು ಬಂದ ಮಾಲೀಕರು ಗೋಡೆ ನೋಡಿ ನಿಂತುಬಿಟ್ಟರು.

"ಮಳೆಗೆ ಚೌಳು ಹಿಡಿದಿದೆ ಸಾರ್" ಎಂದ ಅಪ್ಪ.

ಆಗಲೇ ಕೆಂಪು ಕೋಳಿ ಬಂತು. ಅಪ್ಪನ ಪಕ್ಕದಲ್ಲೇ ನಿಂತು ಗೋಡೆಯನ್ನು ಮೂರು ಸಲ ಕುಕ್ಕಿ, ಸಾಕ್ಷಿ ನುಡಿದು ಮುಗಿಯಿತೆಂಬಂತೆ ಮಾಲೀಕರತ್ತ ತಿರುಗಿತು. ಅಡುಗೆಮನೆ ಬಾಗಿಲಲ್ಲಿ ಅವ್ವ ಸೆರಗು ಕಚ್ಚಿಕೊಂಡಿದ್ದಳು. ನನಗೆ ಗಾಡಿಯ ಎತ್ತುಗಳೇ ಕಣ್ಣ ಮುಂದೆ ಬಂದವು.

"ಚಿಪ್ಪು ಕಾಣಬಾರ್ದು ಅಂದ್ರಲ್ಲ ಸ್ವಾಮಿ, ಅದಕ್ಕೆ ನಿಮ್ ಗೋಡೆ ತಿಂತಾವೆ" ಎಂದಳು ಅಜ್ಜಿ.

ಮಾಲೀಕರು ಮೊದಲು ರಾಟೆಗೆ ಕುಂಕುಮ ಇಟ್ಟು ಮುಗಿಸಿದರು. ಕೊನೆಗೆ ತೀರ್ಪು ಕೊಟ್ಟರು. "ಚಿಪ್ಪನ್ನ ಕುಟ್ಟಿ ಪುಡಿ ಮಾಡಿ ಹಾಕಿ. ಪುಡಿಯಾದ ಮೇಲೆ ಅದು ಚಿಪ್ಪಲ್ಲ. ಯಾರಾದ್ರೂ ಕೇಳಿದ್ರೆ ರಂಗೋಲಿ ಪುಡಿ ಅನ್ನಿ. ನಮ್ಮ ಮನೆಯವಳಿಗೆ ಮಾತ್ರ ತಿಳೀಬಾರದು. ತಿಳಿದ್ರೆ ನಿಮ್ಮನ್ನ ಇಲ್ಲಿ ಇಟ್ಕೊಳ್ಳೋದು ನನ್ನ ಕೈಲಾಗದ ಮಾತು."

ಅಜ್ಜಿ ಎಲೆಅಡಿಕೆ ಕುಟ್ಟಾಣಿಯಲ್ಲೇ ಚಿಪ್ಪು ಕುಟ್ಟಿದಳು. ಮೊಟ್ಟೆಗಳು ಗಟ್ಟಿಯಾದವು. ಅಪ್ಪ ಬಿಸ್ಕತ್ತಿನ ಡಬ್ಬಕ್ಕೆ ಪುಡಿ ತುಂಬಿ, ಮೇಲಿನವರ ಅಪ್ಪಣೆಯಂತೆ, ದುಂಡಗೆ 'ರಂಗೋಲಿ ಪುಡಿ' ಎಂದು ಚೀಟಿ ಬರೆದು ಅಂಟಿಸಿದ. ನಿಜವಾದ ರಂಗೋಲಿ ಪುಡಿ ಪಕ್ಕದ ಅಂಥದ್ದೇ ಡಬ್ಬದಲ್ಲಿತ್ತು, ಅದಕ್ಕೆ ಚೀಟಿ ಇರಲಿಲ್ಲ. ಅವ್ವನಿಗೂ ಅಜ್ಜಿಗೂ ಓದು ಬಾರದು, ಆದ್ದರಿಂದ ಅವರು ಯಾವತ್ತೂ ತಪ್ಪು ಮಾಡಲಿಲ್ಲ.

ನಾನು ಮೂರನೇ ಕ್ಲಾಸು. ದೀಪಾವಳಿಯ ಹಿಂದಿನ ಸಂಜೆ ಮಾಲೀಕರ ಹೆಂಡತಿ ಬಾಗಿಲಿಗೆ ಬಂದು, ರಂಗೋಲಿ ಪುಡಿ ಮುಗಿದಿದೆ, ಒಂದಿಷ್ಟು ಇದ್ದರೆ ಕೊಡು ಪುಟ್ಟಿ ಎಂದರು. ಚೀಟಿ ಓದಿದೆ, ಕೊಟ್ಟೆ.

ಬೆಳಗ್ಗೆ ಅವರು ಅಂಗಳದ ತುಂಬ ತಾವರೆ ಬರೆದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವ್ವ ನನ್ನ ರಟ್ಟೆ ಹಿಡಿದು ಹೊರಗೆಳೆದಳು. ಐದೂ ಕೋಳಿಗಳು ತಾವರೆಯ ಸುತ್ತ ಪಂಕ್ತಿ ಕೂತು, ದಳ ದಳವಾಗಿ ಊಟ ಮಾಡುತ್ತಿದ್ದವು. ಬಾಗಿಲಲ್ಲಿ ಮಾಲೀಕರು ಕಾಫಿ ಲೋಟ ಹಿಡಿದು ನಿಂತಿದ್ದರು.

ಅವ್ವ ಅಲ್ಲೇ ಅತ್ತುಬಿಟ್ಟಳು. ನಾನೂ ಅತ್ತೆ, ತಪ್ಪು ನನ್ನದು, ಓದು ಕಲಿತವಳು ನಾನೊಬ್ಬಳೇ.

ಮಾಲೀಕರು ಕೋಳಿಗಳನ್ನು ನೋಡಿದರು, ಅವ್ವನನ್ನು ನೋಡಿದರು. ಆಮೇಲೆ ಒಳಕ್ಕೆ ಮುಖ ಮಾಡಿ "ಇನ್ನೊಂದು ಲೋಟ ಕಾಫಿ ಮಾಡೇ, ಇದು ತಣ್ಣಗಾಯ್ತು" ಎಂದು ಕೂಗಿ, ಲೋಟ ಕೆಳಗಿಟ್ಟು, ಬಾಗಿಲವಾಡದ ಎರಡು ಕಡೆಗೂ ಕೈ ಕೊಟ್ಟು ಅಡ್ಡ ನಿಂತರು. ನಾನು ಕೋಳಿ ಓಡಿಸಿದೆ. ಅವ್ವ ಚೀಟಿಯಿಲ್ಲದ ಡಬ್ಬ ತಂದು, ಮೂಗು ಒರೆಸಿಕೊಳ್ಳುತ್ತ, ತಾವರೆಯನ್ನು ಮತ್ತೆ ಬರೆದು ಮುಗಿಸಿದಳು.

ಕಾಫಿ ತಂದ ಹೆಂಡತಿ ಗಂಡನ ಹೆಗಲ ಮೇಲಿಂದ ಇಣುಕಿದರು. "ಎಂಟು ದಳ ಬರೆದಿದ್ದೆ. ಒಂಬತ್ತಾಗಿದೆಯಲ್ಲ?"

"ಹಬ್ಬ ಅಲ್ವೇ, ಅರಳಿದೆ" ಎಂದರು ಮಾಲೀಕರು.

ಆ ಮಧ್ಯಾಹ್ನ ಅವ್ವ ಕರಿಬೇವಿನ ಗಿಡಕ್ಕೆ ಎರಡು ಕೊಡ ನೀರು ಹೊಯ್ದಳು.