ನೀರು ಕುಡಿಯುವ ನೆಲ

ನಮ್ಮ ಬೀದಿಯವರೆಲ್ಲ ಒಂದು ಕಾಲಕ್ಕೆ ಹೊಟ್ಟೆಕಿಚ್ಚು ಪಡುತ್ತಿದ್ದದ್ದು ಪಕ್ಕದ ಮನೆಯ ಆಪಾ ಅವರ ಹಿಂದಿನ ಕೋಣೆಯ ನೆಲ ಕಂಡು. ಚಿನ್ನ ಕಂಡಲ್ಲ, ಕಾರು ಕಂಡಲ್ಲ, ನೆಲ ಕಂಡು! ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ನಡುವೆ ಬಾಳಿದವರಿಗೆ ಮಾತ್ರ ಇದು ಅರ್ಥವಾದೀತು. ಗೂಡು ಬೇಯಿಸಿದ ನೀರನ್ನು ಎಲ್ಲಿ ಚೆಲ್ಲುವುದು ಎಂಬುದೇ ಆಗ ಮನೆಮನೆಯ ಜಗಳ. ಮೋರಿ ಕಟ್ಟಿಕೊಂಡರೆ ಆ ನಾತದ ನೀರು ಹೊಸ್ತಿಲಿಗೇ ಬರುತ್ತಿತ್ತು. ಆಪಾ ಮಾತ್ರ ತಮ್ಮ ಕೋಣೆಯ ಚಪ್ಪಡಿಕಲ್ಲುಗಳ ಸಂದಿಗೆ ಸುರಿದುಬಿಡುತ್ತಿದ್ದರು. ಕಣ್ಣೆದುರೇ ನೀರು ಮಾಯ.

"ನಮ್ಮ ನೆಲ ಕುಡೀತದೆ ಅಕ್ಕಾ" ಎಂದು ನಗುತ್ತಿದ್ದರು. ಆಗಷ್ಟೇ ಮದುವೆಯಾಗಿ ಬಂದಿದ್ದ ನಾನು, ಎಂಥ ಪುಣ್ಯವಂತರಪ್ಪ ಅಂದುಕೊಳ್ಳುತ್ತಿದ್ದೆ. ಕುಡಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಬೀದಿ ಗುರುತು ಸಿಗದಷ್ಟು ಬದಲಾಯಿತು. ನೂಲಿನ ಒಲೆಗಳು ಒಂದೊಂದಾಗಿ ಆರಿದವು. ಹಿಟ್ಟಿನ ಗಿರಣಿ ಇದ್ದಲ್ಲಿ ಮೊಬೈಲ್ ಅಂಗಡಿ ಬಂತು, ಹುಣಸೆಮರ ಇದ್ದಲ್ಲಿ ಮೂರಂತಸ್ತಿನ ಮನೆ ಎದ್ದಿತು. ಆಪಾ ಅವರ ಗಂಡುಮಕ್ಕಳು ಚಿಂತಾಮಣಿಯಲ್ಲಿ ಬಟ್ಟೆ ಅಂಗಡಿ ಹಾಕಿದರು, ಒಲೆಯಿದ್ದ ಆ ಹಿಂದಿನ ಕೋಣೆಗೆ ಬಣ್ಣ ಬಳಿದು ಮಲಗುವ ಕೋಣೆ ಮಾಡಿದರು. ಬೋರ್‌ವೆಲ್‌ಗಳೆಲ್ಲ ಬತ್ತಿ, ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದ ವರ್ಷಗಳೂ ಕಳೆದವು. ಈಚೆಗೆ ಬೆಂಗಳೂರಿನಲ್ಲಿ ಸೋಸಿದ ಕೊಳಚೆ ನೀರು ನಮ್ಮ ಕಡೆಯ ಕೆರೆಗಳಿಗೆ ಬಂತು, ಜೊತೆಗೆ ಮಳೆಯೂ ಚೆನ್ನಾಗಿ ಆಯಿತು. ಪೆರೇಸಂದ್ರದ ಹತ್ತಿರ ತೋಟ ಮಾಡುವ ನನ್ನ ತಮ್ಮ ಫೋನ್ ಮಾಡಿ, "ಸತ್ತೋಗಿದ್ದ ಬೋರಲ್ಲಿ ನೀರು ಬರ್ತಿದೆ ಕಣಕ್ಕಾ" ಎಂದು ಕುಣಿದಾಡಿದ. ನಾನೂ ಖುಷಿಪಟ್ಟೆ.

ಅದಾದ ಸ್ವಲ್ಪ ದಿನಕ್ಕೆ ಆಪಾ ಬಂದು ಬಾಗಿಲಲ್ಲಿ ನಿಂತರು. ಮುಖದಲ್ಲಿ ನಗು ಇರಲಿಲ್ಲ. "ನೆಲ ಕುಡಿಯೋದು ನಿಲ್ಲಿಸಿಬಿಟ್ಟಿದೆ ಅಕ್ಕಾ" ಎಂದರು.

ಹೋಗಿ ನೋಡಿದೆ. ಹೆರಿಗೆಗೆಂದು ತವರಿಗೆ ಬಂದಿದ್ದ ಅವರ ಮಗಳು ಅದೇ ಕೋಣೆಯಲ್ಲಿದ್ದಳು. ಸೀರೆಯ ಜೋಲಿಯಲ್ಲಿ ಹಸುಗೂಸು ಮಲಗಿತ್ತು. ಆಪಾ ಒಂದು ಚೊಂಬು ನೀರು ಚೆಲ್ಲಿದರು. ಅದು ಅಲ್ಲೇ ನಿಂತಿತು. ನಾನು ಕಾಲಿಟ್ಟ ಚಪ್ಪಡಿ ಕದಲಿತು, ಸಂದಿಯಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು. ನಾನು ಕಾಲು ಹಿಂದಕ್ಕೆಳೆದುಕೊಂಡೆ.

ಈ ಬೀದಿಗೆ ಒಂದು ಬಾವಿ ಇತ್ತೆಂದು ನಾನು ಕೇಳಿ ಬಲ್ಲೆ, ಕಂಡಿಲ್ಲ. ಮೆಟ್ಟಿಲಿಳಿದು ನೀರು ತುಂಬುವ ದೊಡ್ಡ ಬಾವಿಯಂತೆ. ನಾನು ಬರುವ ಮೊದಲೇ ಕಸ, ಬೂದಿ, ಕಟ್ಟಡದ ಮಣ್ಣು ಸುರಿದು ಅದನ್ನು ಮುಚ್ಚಿದ್ದರು. ಮುಚ್ಚಿದ ಮೇಲೆ ಸುತ್ತಲಿನವರೆಲ್ಲ ತಮ್ಮ ತಮ್ಮ ಗೋಡೆಯನ್ನು ಒಂದಿಷ್ಟು ಮುಂದಕ್ಕೆ ತಳ್ಳಿಕೊಂಡರು. ನಮ್ಮ ಮಾವನವರು ಅಡುಗೆಮನೆ ದೊಡ್ಡದು ಮಾಡಿದ್ದೂ ಆಗಲೇ.

ಮುಚ್ಚಿದ ಆ ಬಾವಿಯಲ್ಲೇ ಮತ್ತೆ ನೀರು ಏರುತ್ತಿರಬೇಕೆಂದು ದೂರು ಕೊಟ್ಟೆವು. ನಗರಸಭೆಯಿಂದ ಬಂದಾತ ಖಡಾಖಂಡಿತವಾಗಿ ಹೇಳಿದ. "ಬಾವಿ ಎಲ್ಲಿತ್ತು ತೋರ್ಸಿ, ಅಲ್ಲಿ ಅಗೆದು ನೋಡಣ. ಬೀದಿ ಪೂರ್ತಿ ಅಗೆಯೋಕಾಗಲ್ಲ."

ಸರಿ, ಬೀದಿಯ ಹಿರಿಯರೆಲ್ಲ ಸೇರಿದರು. ನಿವೃತ್ತ ಮೇಷ್ಟ್ರು ಮೊಬೈಲ್ ಅಂಗಡಿಯ ಕಡೆ ಕೈ ತೋರಿಸಿದರು. ಅಂಗಡಿಯವನು ಮೂರಂತಸ್ತಿನ ಮನೆಯನ್ನು ತೋರಿಸಿದ. ಆ ಮನೆಯ ಯಜಮಾನರು ರಸ್ತೆಯ ನಡುಮಧ್ಯೆ ಹೋಗಿ ನಿಂತು, "ಇಲ್ಲೇ, ನನ್ನ ಕಣ್ಣಿಗೆ ಕಟ್ಟಿದಂಗಿದೆ" ಎಂದರು. ಯಾರ ನೆನಪಿನಲ್ಲೂ ಬಾವಿ ಅವರವರ ಮನೆ ಕೆಳಗಿರಲಿಲ್ಲ. ನಾನೇನು ಕಮ್ಮಿಯೇ? ಅದನ್ನು ಕಣ್ಣಲ್ಲೇ ಕಾಣದಿದ್ದರೂ, ನಮ್ಮ ಕಡೆಯಂತೂ ಅಲ್ಲ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದೆ.

ನಮ್ಮತ್ತೆಯನ್ನು ಯಾರೂ ಕೇಳಲಿಲ್ಲ. ಊಟ ಮಾಡಿದ್ದೇ ಮರೆತು ಮತ್ತೆ ತಟ್ಟೆ ಮುಂದೆ ಕೂರುವವರನ್ನು ಏನೆಂದು ಕೇಳುವುದು? ಆದರೆ ನನಗೊಂದು ಹೊಳೆಯಿತು. ಹಿಂದೆ ಬಾಣಂತಿಯರು ಗಂಗೆ ಪೂಜೆಗೆ ಬಾವಿಗೆ ಹೋಗಿ, ಅರಿಶಿನ ಕುಂಕುಮ ಇಟ್ಟು, ಕೊಡದಲ್ಲಿ ನೀರು ತುಂಬಿಕೊಂಡು ಬರುತ್ತಿದ್ದರು. ಅದನ್ನು ಯಾವ ಹೆಂಗಸು ಮರೆತಾಳು?

"ಅತ್ತೆ, ನಿಮ್ಮ ಮಗ ಹುಟ್ಟಿದಾಗ ಗಂಗೆ ಪೂಜೆ ಎಲ್ಲಿ ಮಾಡಿದ್ರಿ?" ಎಂದೆ.

ಅವರು ತಕ್ಷಣ ಎದ್ದರು. ಸೆರಗು ತಲೆಗೆ ಹೊದ್ದು, ಕೊಡ ಹೊತ್ತವರ ಹಾಗೆ ಸೊಂಟಕ್ಕೆ ಕೈಯಿಟ್ಟು, ನೇರ ಅಡುಗೆಮನೆಯ ಕಡೆ ಹೊರಟರು. "ಊಟ ಆಯ್ತಲ್ಲ ಅತ್ತೆ" ಎಂದು ತೋಳು ಹಿಡಿದು ತಿರುಗಿಸಿ, ಮುಂಬಾಗಿಲಿಂದ ಆಪಾ ಅವರ ಮನೆಗೆ ಕರೆದುಕೊಂಡು ಹೋದೆ. ಹಿಂದಿನ ಕೋಣೆಯಲ್ಲಿ ಅವರು ನಿಂತು ಉಸಿರೆಳೆದುಕೊಂಡರು. ಬಗ್ಗಿ, ಜೋಲಿಯ ಕೆಳಗಿನ ಚಪ್ಪಡಿಯನ್ನು ಅಂಗೈಯಿಂದ ಸವರಿದರು.

"ನೀರು ಇಲ್ಲಿತ್ತು ಕಣಮ್ಮ. ಎಷ್ಟು ಆಳ ಅಂತೀಯ! ನನ್ನ ಕಾಲು ನಡುಗ್ತಿತ್ತು."

ಆಪಾ ಮಗುವನ್ನು ಬಾಚಿ ಎತ್ತಿಕೊಂಡು ಹೊರಗೆ ಓಡಿದರು. ನಗರಸಭೆಯವನು ಆ ಚಪ್ಪಡಿಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮರುದಿನ ಆಳುಗಳನ್ನು ಕರೆತರುತ್ತೇನೆ ಎಂದು ಹೋದ. ಬೀದಿಯವರ ಮುಖದಲ್ಲಿ ನಿರಾಳ ಎದ್ದು ಕಾಣುತ್ತಿತ್ತು. ನನಗೂ ನಿರಾಳವಾಗಿತ್ತು, ಯಾಕೆ ಸುಳ್ಳು ಹೇಳಲಿ? ತಾಯಿ ಮಗುವನ್ನು ನಮ್ಮ ಮನೆಗೇ ಕರೆತಂದೆವು. ಬೆಚ್ಚಗಿರಲಿ ಎಂದು ಜೋಲಿಯನ್ನು ನಮ್ಮ ಅಡುಗೆಮನೆಯ ಕೊಕ್ಕೆಗೆ ಕಟ್ಟಿದೆವು.

ಸಂಜೆ ನಲ್ಲಿಯಲ್ಲಿ ನೀರು ಬಂತು. ಕೊಡ ತುಂಬಿಸಿಕೊಂಡು ನಾನು ಅಡುಗೆಮನೆಗೆ ಬರುವಾಗ ಅತ್ತೆ ಅದರ ಹೊಸ್ತಿಲಲ್ಲಿ ನಿಂತಿದ್ದರು. ಸೀರೆಯ ನೆರಿಗೆ ಮೇಲೆತ್ತಿ ಹಿಡಿದು, ಬಲಗಾಲನ್ನು ಮುಂದೆ ಚಾಚಿ, ಸಮತಟ್ಟಾದ ನೆಲದಲ್ಲಿ ಏನನ್ನೋ ತಡಕುತ್ತಿದ್ದರು.

"ಕೊಡ ಹುಷಾರು ಕಣಮ್ಮ. ಮೆಟ್ಲು ಇಲ್ಲಿಂದ್ಲೇ ಶುರು, ಪಾಚಿ ಕಟ್ಟಿರುತ್ತೆ" ಎಂದರು.

ಮಧ್ಯಾಹ್ನ ಅವರು ಅಡುಗೆಮನೆಯ ಕಡೆ ಹೊರಟಿದ್ದು ಊಟಕ್ಕಲ್ಲ. ಒಳಗೆ ಆಪಾ ಮೆಲ್ಲಗೆ ಜೋಲಿ ತೂಗುತ್ತಿದ್ದರು. ತುಂಬಿದ ಕೊಡವನ್ನು ಆ ನೆಲದ ಮೇಲೆ ಇಳಿಸಲು ನನಗೆ ಧೈರ್ಯ ಬರಲಿಲ್ಲ.